ನಾಲ್ಕನೇ ನಿಮಿಷ

ಬಗ್ಗಿ ಒಳಗೆ ಬನ್ನಿ, ಶೆಡ್ಡಿನ ಮಾಡು ತಗ್ಗು. ಹೊರಗೆ ಗಂಗೊಳ್ಳಿಯ ಮಳೆ ಈಗಷ್ಟೇ ಒಂದು ಸುತ್ತು ಹೊಡೆದು ನಿಂತಿದೆ. ತಗಡಿನ ಅಂಚಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಎದುರಿಗೆ ಪಂಚಗಂಗಾವಳಿ ಕೆಂಪಗೆ ಹರಿಯುತ್ತಿದೆ, ಆಚೆ ದಡದ ಕೋಡಿಯ ತೆಂಗುಗಳು ಮಬ್ಬಾಗಿ ಕಾಣುತ್ತವೆ. ಒಳಗೆ ಸೀಮೆಎಣ್ಣೆ, ಒದ್ದೆ ಬಲೆ, ಸುಟ್ಟ ಆಯಿಲ್ ಮೂರೂ ಸೇರಿದ ವಾಸನೆ. ನಡುವೆ ನೀರು ತುಂಬಿದ ಡ್ರಮ್ಮು, ಅದರ ಬಾಯಿಗೆ ಅಡ್ಡ ಕಟ್ಟಿದ ಮರದ ಹಲಗೆ, ಹಲಗೆಗೆ ಕಚ್ಚಿಕೊಂಡು ನಿಂತಿದೆ ಅಪ್ಪನ ಕಾಲದ ಇಂಜಿನ್.

ಎಂಟು ಎಚ್‌ಪಿ, ಟೂ ಸ್ಟ್ರೋಕ್, ಎರಡು ಸಿಲಿಂಡರ್. ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗುವ ಜಾತಿಯದು. ಮೇಲಿನ ಮುಚ್ಚಳದ ಬಣ್ಣ ಎಂದೋ ಹೋಗಿ ಅಲ್ಯೂಮಿನಿಯಮ್ ಹೊಳೆಯುತ್ತಿದೆ. ಹಗ್ಗದ ಹಿಡಿ ಅಪ್ಪನ ಅಂಗೈಗೆ ಸವೆದದ್ದು, ಈಗ ಅಣ್ಣನ ಅಂಗೈಗೆ ಸವೆಯುತ್ತಿದೆ.

ಇದು ಇವತ್ತೇ ಸರಿಯಾಗಬೇಕು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ದೊಡ್ಡ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. 10 ಎಚ್‌ಪಿವರೆಗಿನ ನಾಡದೋಣಿಗೆ ಮಾತ್ರ ವಿನಾಯಿತಿ. ಟ್ರಾಲರುಗಳು ಬಂದರಿನಲ್ಲಿ ಸಾಲಾಗಿ ಮಲಗಿರುವ ಈ ಎರಡು ತಿಂಗಳೇ ನಮ್ಮಂಥವರ ಸುಗ್ಗಿ. ಅದರಲ್ಲೂ ಕಡಲು ಕೊಡುವ ದಿನಗಳು ಬೆರಳೆಣಿಕೆಯವು. ಚಟ್ಲಿ, ಅಂದರೆ ಸಿಗಡಿ, ಬಂದಿದೆ ಎಂಬ ಸುದ್ದಿ ನಿನ್ನೆ ಸಂಜೆಯೇ ಕೇರಿಗೆ ಮುಟ್ಟಿದೆ. ನಮ್ಮ ಇಂಜಿನ್ ಮಾತ್ರ ನಾಲ್ಕು ನಿಮಿಷ ಓಡುತ್ತದೆ, ನಿಲ್ಲುತ್ತದೆ.

ಅಣ್ಣ ಸುಮ್ಮನೆ ಕೂತವನಲ್ಲ. ಪ್ಲಗ್ ಎರಡೂ ಹೊಸದು ಹಾಕಿದ್ದಾನೆ. ಅಂಗಡಿಯವರು ಕಾಯಿಲ್ ಹೋಗಿರಬೇಕು ಎಂದರು, ಅದನ್ನೂ ಬದಲಾಯಿಸಿದ. ಕಾರ್ಬ್ರೇಟರ್ ಎರಡು ಸಲ ಬಿಚ್ಚಿ ತೊಳೆದಾಯಿತು. ನನಗೆ ಸಿಟ್ಟು ಬರುವುದು ಇಲ್ಲಿಯೇ. ಇಂಜಿನ್ ಎದುರಿಗಿಲ್ಲದೆ, ಅದರ ಸದ್ದು ಒಮ್ಮೆಯೂ ಕೇಳದೆ, ಗಲ್ಲೆಯ ಹಿಂದೆ ಕೂತು ಬಿಡಿಭಾಗ ಮಾರುವವರು ಬಡವನ ಒಂದು ವಾರದ ದುಡಿಮೆಯನ್ನು ಒಂದು ಮಾತಿನಲ್ಲಿ ಕರಗಿಸಿಬಿಡುತ್ತಾರೆ.

ಮೇಸ್ತ್ರಿ ಬಂದರು. ಎಪ್ಪತ್ತು ದಾಟಿದ ಜೀವ. ಕೊಡೆ ಮಡಚಿ ಮೂಲೆಗಿಟ್ಟು ಡ್ರಮ್ಮಿನ ಹತ್ತಿರ ಕುಕ್ಕರುಗಾಲಲ್ಲಿ ಕೂತರು. ಸ್ಪ್ಯಾನರ್ ತುಂಬಿದ ಚೀಲದ ಬಾಯಿ ಬಿಚ್ಚಲೇ ಇಲ್ಲ.

“ನಿಂತದ್ ಹ್ಯಾಂಗೆ, ಅದ್ ಹೇಳಿ ಮೊದ್ಲ್.”

ಅಣ್ಣ ತಬ್ಬಿಬ್ಬಾದ. ನಿಂತದ್ದು ನಿಂತದ್ದೇ ಅಲ್ಲವೇ? ಅಲ್ಲವಂತೆ. ಕರೆಂಟು ಕೈಕೊಟ್ಟರೆ ಇಂಜಿನ್ ಕತ್ತಿಯಲ್ಲಿ ಕಡಿದ ಹಾಗೆ ಒಮ್ಮೆಲೇ ನಿಲ್ಲುತ್ತದೆ. ಎಣ್ಣೆ ಮುಟ್ಟದಿದ್ದರೆ ದೀಪ ಆರುವ ಹಾಗೆ. ಆರುವ ಮೊದಲು ದೀಪ ಒಮ್ಮೆ ಭಗ್ಗೆನ್ನುವುದಿಲ್ಲವೇ, ಇಂಜಿನ್ನೂ ಹಾಗೆಯೇ ಒಂದು ಕ್ಷಣ ಸ್ವರ ಏರಿಸಿ ಆಮೇಲೆ ಕುಸಿಯುತ್ತದೆ. ಎಣ್ಣೆ ಕಡಿಮೆಯಾಗಿ ಗಾಳಿ ಹೆಚ್ಚಾದಾಗ ಆಗುವುದು ಅದು.

“ಒಳ್ಗೆ ಬೇಡ. ಹೊರ್ಗೆ ಎಳುವ, ಹಿಡ್ಕಣಿ.”

ನೀವೂ ಒಂದು ಕೈ ಹಚ್ಚಿ, ಡ್ರಮ್ಮು ಭಾರ ಇದೆ. ಮುಚ್ಚಿದ ಶೆಡ್ಡಿನಲ್ಲಿ ಡ್ರಮ್ಮಿಗೆ ಕಟ್ಟಿ ಓಡಿಸಿದರೆ ನೀರಿನಿಂದ ಗುಳುಗುಳು ಏಳುವ ತನ್ನ ಹೊಗೆಯನ್ನೇ ಕಾರ್ಬ್ರೇಟರ್ ಮತ್ತೆ ಎಳೆದುಕೊಂಡು ಇಂಜಿನ್ ಉಸಿರುಗಟ್ಟುತ್ತದೆ. ಇಲ್ಲದ ರೋಗವೊಂದನ್ನು ನಾವೇ ಅಂಟಿಸಿದ ಹಾಗೆ. ಮನುಷ್ಯರಿಗಂತೂ ಆ ಹೊಗೆ ಪ್ರಾಣಕ್ಕೇ ಅಪಾಯ. ಅಂಗಳದಲ್ಲಿ ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿದೆವು. ನೀರು ಪಂಪಿನ ಬಾಯಿ ಮುಳುಗುವಷ್ಟಿದೆಯೇ ಎಂದು ಮೇಸ್ತ್ರಿ ಕೈ ಇಳಿಸಿ ನೋಡಿದರು. ನೀರಿಲ್ಲದೆ ಓಡಿಸಿದರೆ ಒಳಗಿನ ರಬ್ಬರ್ ಇಂಪೆಲ್ಲರ್ ಸುಟ್ಟು ಹೋಗುತ್ತದೆ.

ಮೊದಲು ಬರೀ ಪೆಟ್ರೋಲು. ಇಂಜಿನ್ನಿನ ಮೇಲಿರುವ ಸಣ್ಣ ಟ್ಯಾಂಕಿನಿಂದ ಮಾತ್ರ. ಎರಡನೇ ಎಳೆತಕ್ಕೇ ಹಿಡಿಯಿತು. ಹಿಂಬದಿಯಿಂದ ನೀರಿನ ಸಣ್ಣ ಧಾರೆ ಚಿಮ್ಮಿತು. ಎರಡು ನಿಮಿಷ, ನಾಲ್ಕು, ಏಳು, ಹತ್ತು. ಮೇಸ್ತ್ರಿ ಕಣ್ಣು ಮುಚ್ಚಿ ಕೇಳುತ್ತಿದ್ದಾರೆ. ನಿಲ್ಲಲಿಲ್ಲ.

ಈ ಹತ್ತು ನಿಮಿಷದ ಬೆಲೆ ನೋಡಿ. ಪ್ಲಗ್ ಸರಿ ಇದೆ. ಬಿಸಿಯಾದರೂ ಕಾಯಿಲ್ ಸೋತಿಲ್ಲ. ಕಾರ್ಬ್ರೇಟರಿನ ಜೆಟ್ ಕಟ್ಟಿಲ್ಲ. ಅಣ್ಣ ದುಡ್ಡು ಸುರಿದ ಮೂರೂ ಕಡೆ ರೋಗವೇ ಇರಲಿಲ್ಲ. ಅವನ ಮುಖ ನೋಡಲಾಗದೆ ನಾನು ಹೊಳೆಯ ಕಡೆ ತಿರುಗಿದೆ.

ಈಗ ಸೀಮೆಎಣ್ಣೆ. ಕಾಕ್ ತಿರುಗಿಸಿದರು. ಕೆಳಗಿನ ದೊಡ್ಡ ಟ್ಯಾಂಕಿನ ಮುಚ್ಚಳದ ಮೇಲಿರುವ ಗಾಳಿಯ ತಿರುಪು ಸಡಿಲವಾಗಿದೆಯೇ ಎಂದು ನೋಡಿದರು. ಅದು ಮುಚ್ಚಿದ್ದರೆ ಎಣ್ಣೆ ಕಡಿಮೆಯಾದಂತೆ ಟ್ಯಾಂಕಿನೊಳಗೆ ಒತ್ತಡ ಕುಸಿದು, ಕೆಲವೇ ನಿಮಿಷಕ್ಕೆ ಎಣ್ಣೆ ಬರುವುದು ನಿಲ್ಲುತ್ತದೆ. ಇದೊಂದೇ ತಿರುಪಿಗಾಗಿ ಇಡೀ ಇಂಜಿನ್ ಬಿಚ್ಚಿದವರನ್ನು ಈ ದಡದಲ್ಲಿ ಬೇಕಾದಷ್ಟು ಕಂಡಿದ್ದೇನೆ. ನಮ್ಮದು ತೆರೆದೇ ಇತ್ತು.

ಒಂದು ನಿಮಿಷ. ಎರಡು. ಹೊಗೆ ದಪ್ಪಗಾಗಿ ಸೀಮೆಎಣ್ಣೆಯ ಘಾಟು ಮೂಗಿಗೆ ಹತ್ತಿತು. ಮೂರು. ನಾಲ್ಕನೇ ನಿಮಿಷಕ್ಕೆ ಕೇಳಿ, ಈಗ ಕೇಳಿ, ಸ್ವರ ಒಮ್ಮೆ ತೆಳ್ಳಗೆ ಮೇಲೇರಿತು. ಮೇಸ್ತ್ರಿಯ ಕೈ ಕಾದಿದ್ದ ಹಾಗೆ ಚೋಕಿಗೆ ಹೋಯಿತು. ಎಳೆದರು. ಇಂಜಿನ್ ಎರಡು ಗುಟುಕು ಉಸಿರು ತೆಗೆದುಕೊಂಡು ಚೇತರಿಸಿತು, ಮತ್ತೆ ಸೊರಗಿತು. ಅಷ್ಟರಲ್ಲಿ ಅವರ ಎಡಗೈ ಪೈಪಿನ ನಡುವಿನ ರಬ್ಬರ್ ಬಲ್ಬನ್ನು ಹಿಡಿದಿತ್ತು.

“ಮುಟ್ಟಿ ಕಾಣಿ ಇಲ್ಲ್.”

ಬೆರಳಿಟ್ಟು ನೋಡಿ. ಇಂಜಿನ್ ಓಡುವಾಗಲೂ ದುಂಡಗೇ ಇರಬೇಕಾದ ಬಲ್ಬು ಬತ್ತಿದ ಕೆನ್ನೆಯ ಹಾಗೆ ಒಳಕ್ಕೆ ಸೇದಿಕೊಂಡಿದೆ. ಇಂಜಿನ್ ನಿಂತಿತು.

ಇಂಥ ಟೂ ಸ್ಟ್ರೋಕ್ ಇಂಜಿನ್ನಿನ ಎಣ್ಣೆ ಪಂಪಿಗೆ ಬೇರೆ ಮೋಟರ್ ಇರುವುದಿಲ್ಲ. ಪಿಸ್ಟನ್ ಮೇಲೆ ಕೆಳಗೆ ಆಡುವಾಗ ಕ್ರ್ಯಾಂಕ್‌ಕೇಸಿನೊಳಗೆ ಒತ್ತಡ ಏರುತ್ತದೆ, ಇಳಿಯುತ್ತದೆ. ಆ ಏರಿಳಿತಕ್ಕೆ ತೆಳುವಾದ ಡಯಾಫ್ರಮ್ ಒಂದು ಎದೆಯ ಹಾಗೆ ಬಡಿದುಕೊಂಡು ಎಣ್ಣೆಯನ್ನು ಎಳೆಯುತ್ತದೆ. ಬಲ್ಬು ಚಪ್ಪಟೆಯಾಗುವಷ್ಟು ಎಳೆತ ಇದೆ ಎಂದರೆ ಪಂಪು ಜೀವಂತ. ಅದು ಕೇಳುತ್ತಿದೆ, ಹಿಂದಿನಿಂದ ಬರುತ್ತಿಲ್ಲ. ಕಟ್ಟಿರುವುದು ಬಲ್ಬಿಗೂ ಟ್ಯಾಂಕಿಗೂ ನಡುವೆ. ಅಲ್ಲಿರುವುದಾದರೂ ಏನು? ಟ್ಯಾಂಕಿನೊಳಗಿನ ಜಾಲರಿ, ಮತ್ತೆ ಮಾರುದ್ದದ ಪೈಪು.

ಜಾಲರಿ ತೆಗೆದು ಬೆಳಕಿಗೆ ಹಿಡಿದರು. ಚೊಕ್ಕಟ.

“ಪೈಪಿಗೆ ನಾನೇ ಗಾಳಿ ಬಿಟ್ ಕಂಡಿದ್ದೆ, ಸಲೀಸ್ ಹೋಯ್ತ್” ಎಂದ ಅಣ್ಣ.

“ಇಂಜಿನ್ ಊದುದಿಲ್ಲೆ ಮಾರಾಯ್ರೆ, ಹೀರುದ್.”

ಚೀಲದ ಬಾಯಿ ಈಗ ಬಿಚ್ಚಿತು. ಹೊರಬಂದದ್ದು ಸ್ಪ್ಯಾನರ್ ಅಲ್ಲ, ದನದ ಡಾಕ್ಟರು ಬಳಸುವ ದೊಡ್ಡ ಸಿರಿಂಜು. ಬಲ್ಬಿನಿಂದ ಬಿಡಿಸಿದ ಪೈಪಿನ ತುದಿಗೆ ಅದನ್ನು ಸಿಕ್ಕಿಸಿ ದಂಡವನ್ನು ಒತ್ತಿದರು, ಗಾಳಿ ಆಚೆಗೆ ಬುಸ್ಸೆಂದು ಹೋಯಿತು. ಅದೇ ತುದಿಯಿಂದ ದಂಡವನ್ನು ಹಿಂದಕ್ಕೆ ಎಳೆದರು. ಅರ್ಧಕ್ಕೆ ಬಿಗಿದುಕೊಂಡಿತು. ಕೈ ಬಿಟ್ಟರೆ ಪಟಕ್ಕನೆ ವಾಪಸು.

ಚೂರಿಯಲ್ಲಿ ಪೈಪನ್ನು ಉದ್ದಕ್ಕೆ ಸೀಳಿದರು. ಇನ್ನಷ್ಟು ಹತ್ತಿರ ಬನ್ನಿ. ಹೊರಗಿನಿಂದ ಕಪ್ಪಗೆ, ಗಟ್ಟಿಯಾಗಿ, ಒಂದು ಬಿರುಕೂ ಇಲ್ಲದ ಪೈಪು. ಒಳಗೆ ತೆಳ್ಳನೆಯ ಅಸ್ತರಿ ಒಂದು ಕಡೆ ಎದ್ದುಬಂದಿದೆ. ಕಿರುಬೆರಳಿನ ಉಗುರಿನಷ್ಟು ಸಿಪ್ಪೆ. ಊದಿದರೆ ಗೋಡೆಗೆ ಒರಗಿ ದಾರಿ ಬಿಡುತ್ತದೆ, ಹೀರಿದರೆ ಬಾಗಿಲಿನ ಹಾಗೆ ಬಂದು ಮುಚ್ಚಿಕೊಳ್ಳುತ್ತದೆ. ನಿಧಾನಕ್ಕೆ ಓಡಿಸಿದರೆ ಅಂಚಿನಲ್ಲಿ ಜಿನುಗುವ ಎಣ್ಣೆಯೇ ಸಾಕಾಗುತ್ತಿತ್ತು. ಸ್ವಲ್ಪ ವೇಗ ಕೊಟ್ಟರೂ ಬಲ್ಬಿನಲ್ಲಿದ್ದದ್ದು ಮುಗಿಯುವವರೆಗೆ ಮಾತ್ರ.

ವಯಸ್ಸಾಗಿದೆ ಪೈಪಿಗೆ, ನಿಜ. ಆದರೆ ಸೀಮೆಎಣ್ಣೆ ಸಿಗದ ದಿನಗಳಲ್ಲಿ ಅದೇ ಟ್ಯಾಂಕಿಗೆ ಪೆಟ್ರೋಲ್ ಹಾಕಿಯೇ ಕಡಲಿಗೆ ಹೋಗಿದ್ದೇವೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೂ ಎಥೆನಾಲ್. ಆ ಕಾಲದ ರಬ್ಬರ್ ಅದನ್ನು ತಾಳುವಂಥದ್ದಲ್ಲ, ಉಬ್ಬುತ್ತದೆ, ಪದರ ಬಿಡುತ್ತದೆ. ಹಳೇ ಇಂಜಿನ್ ಇಟ್ಟುಕೊಂಡವರು ದಯವಿಟ್ಟು ಪೈಪನ್ನು ಹೊರಗಿನಿಂದ ನೋಡಿ ನಂಬಬೇಡಿ.

ಹೊಸ ಪೈಪು ಬಂತು. ಇಂಧನಕ್ಕೆಂದೇ ಮಾಡಿದ್ದು, ತೋಟಕ್ಕೆ ನೀರು ಬಿಡುವ ಪೈಪಲ್ಲ. ಬಲ್ಬಿನ ಮೇಲಿನ ಬಾಣ ಇಂಜಿನ್ ಕಡೆಗೆ, ಎರಡೂ ತುದಿಗೆ ಕ್ಲಿಪ್ಪು. ಬಲ್ಬನ್ನು ಬಾಣ ಮೇಲಾಗಿ ನೆಟ್ಟಗೆ ಹಿಡಿದು ಅಣ್ಣ ಅದುಮಿದ. ಆರನೇ ಸಲಕ್ಕೆ ಅದು ಗಟ್ಟಿಯಾಯಿತು.

ಡ್ರಮ್ಮಿನಲ್ಲಿ ನೋಡುವುದು ಬೇಡ, ಹೊಳೆಯಲ್ಲೇ ಆಗಲಿ ಎಂದರು ಮೇಸ್ತ್ರಿ. ಇಂಜಿನ್ ಹೊತ್ತು ದೋಣಿಗೆ ಕಟ್ಟಿದೆವು. ಅಣ್ಣ ಹಗ್ಗ ಎಳೆದ. ಪೆಟ್ರೋಲು, ಆಮೇಲೆ ಸೀಮೆಎಣ್ಣೆ, ಆಮೇಲೆ ಪೂರ್ತಿ ವೇಗ. ದೋಣಿ ಕೆಂಪು ನೀರನ್ನು ಸೀಳಿಕೊಂಡು ಅಳಿವೆಯ ಕಡೆಗೆ ಹೊರಟಿತು. ನಾನು ದಡದಲ್ಲಿ ನಿಂತು ಗಡಿಯಾರ ನೋಡುತ್ತಿದ್ದೇನೆ. ಮೂರು ನಿಮಿಷ. ನಾಲ್ಕು. ಐದು. ಮೇಸ್ತ್ರಿ ಗಡಿಯಾರದ ಕಡೆ ನೋಡುತ್ತಲೂ ಇಲ್ಲ, ಸೀಳಿದ ಪೈಪನ್ನು ಒರೆಸಿ ಶೆಡ್ಡಿನ ಕಂಬದ ಮೊಳೆಗೆ ತೂಗುಹಾಕುತ್ತಿದ್ದಾರೆ.

ಎಂಟನೇ ನಿಮಿಷಕ್ಕೆ ಅಣ್ಣ ತಿರುಗಿ ಬಂದ. ಇಂಜಿನ್ ಬಂದ್ ಮಾಡಲಿಲ್ಲ. ದೋಣಿಯನ್ನು ದಡಕ್ಕೆ ತಾಗಿಸಿಕೊಂಡೇ ಕೂಗಿದ: “ಬಲೆ ಹಾಕ್, ಬೇಗ!”