ಆರು ತಿಂಗಳ ನಿದ್ದೆ

ರಾಮಾಯಣದ ಕಥೆ ಹೇಳುವ ನಮ್ಮ ಹಿರಿಯರು ಇಬ್ಬರನ್ನು ಮರೆಯುವುದಿಲ್ಲ. ಒಬ್ಬ, ಆರು ತಿಂಗಳು ಮಲಗುವ ಕುಂಭಕರ್ಣ. ಇನ್ನೊಂದು, ಸೇತುವೆಗೆ ಮರಳು ಹೊತ್ತು ಬೆನ್ನ ಮೇಲೆ ರಾಮನ ಬೆರಳ ಗುರುತು ಪಡೆದ ಅಳಿಲು. ನಿದ್ದೆಗೆ ಅವನು, ದುಡಿಮೆಗೆ ಇದು. ಇವೆರಡೂ ಒಂದೇ ಮೈಯಲ್ಲಿ ಕೂಡಿಬಂದ ಪ್ರಾಣಿಯೊಂದು ಹಿಮಾಲಯದಲ್ಲಿ ಉಂಟೆಂದರೆ ವಾಚಕರು ನಂಬಬೇಕು.

ಗಿಣಿಗೇರಾದಲ್ಲಿರುವ ನನ್ನ ಅಕ್ಕನ ಮಗ ಸೈನ್ಯದಲ್ಲಿದ್ದಾನೆ. ಎರಡು ವರ್ಷದ ಹಿಂದೆ ಲಡಾಖಿನಿಂದ ಮೊಬೈಲಿಗೆ ಒಂದು ಚಿತ್ರ ಕಳಿಸಿದ. ಬೆಕ್ಕಿಗಿಂತ ದಪ್ಪನಾದ, ಗಿಡ್ಡ ಬಾಲದ ಕಂದು ಪ್ರಾಣಿ; ಹಿಂಗಾಲ ಮೇಲೆ ನಿಂತು, ಮುಂಗೈಗಳನ್ನು ಎದೆಗೆ ಹಿಡಿದು, ಸಾಲ ವಸೂಲಿಗೆ ಬಂದ ಸಾಹುಕಾರನಂತೆ ನೋಡುತ್ತಿತ್ತು. “ನಮ್ಮೂರ ಇಣಚಿಯ ದೊಡ್ಡಪ್ಪ” ಎಂದು ಕೆಳಗೆ ಬರೆದಿದ್ದ. ತಮಾಷೆಯಾದರೂ ಮಾತು ನಿಜ. ಮಾರ್ಮಟ್ ಎಂಬ ಈ ಪ್ರಾಣಿ ಅಳಿಲಿನ ಕುಲದ್ದೇ. ಮರ ಬೆಳೆಯದ ಎತ್ತರದಲ್ಲಿ ನೆಲ ತೋಡಿ, ಬಿಲದಲ್ಲಿ ಬಳಗ ಕಟ್ಟಿಕೊಂಡು ಬಾಳುತ್ತದೆ. ಹದ್ದೋ ತೋಳವೋ ಹಿಮಚಿರತೆಯೋ ಕಂಡರೆ ಸಿಳ್ಳು ಹಾಕುತ್ತದೆ. ಕ್ಷಣದಲ್ಲಿ ಎಲ್ಲವೂ ಬಿಲ ಸೇರುತ್ತವೆ.

ಹೆರೊಡೋಟಸನು ಕ್ರಿ. ಪೂ. 5ನೆಯ ಶತಮಾನದಲ್ಲಿ, ಹಿಂದೂದೇಶದಲ್ಲಿ ನರಿಗಿಂತ ದೊಡ್ಡ ಇರುವೆಗಳು ಚಿನ್ನದ ಮಣ್ಣನ್ನು ತೋಡಿ ಹಾಕುತ್ತವೆಂದು ಬರೆದ. ಮಹಾಭಾರತದ ಸಭಾಪರ್ವದಲ್ಲಿಯೂ ಇರುವೆಗಳು ತೆಗೆದ ‘ಪಿಪೀಲಿಕ’ ಚಿನ್ನ ಧರ್ಮರಾಯನಿಗೆ ಕಾಣಿಕೆಯಾಗಿ ಬರುತ್ತದೆ. ಆ ಇರುವೆ ಸಿಂಧೂ ನದಿಯ ಮೇಲ್ಭಾಗದ ಈ ಮಾರ್ಮಟ್ಟೇ ಎಂದು ಫ್ರೆಂಚ್ ಪ್ರವಾಸಿ ಮಿಶೆಲ್ ಪೈಸೆಲ್ 1984ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಾದಿಸಿದ. ಹಟ್ಟಿಯ ಚಿನ್ನದ ಗಣಿ ನಮಗೆ ದೂರವಲ್ಲ. ಆದರೆ ನಮ್ಮ ಇಣಚಿ ಇದುವರೆಗೆ ಹುಣಸೆಬೀಜಕ್ಕಿಂತ ಬೆಲೆಯುಳ್ಳದ್ದನ್ನು ತಂದು ಹಾಕಿಲ್ಲ.

ಚಿನ್ನದ ಕಥೆ ಅಕ್ಕನಿಗೆ ಹಿಡಿಸಲಿಲ್ಲ; ನಿದ್ದೆಯದು ಹಿಡಿಸಿತು. ಬೇಸಿಗೆಯೆಲ್ಲ ಹುಲ್ಲು ಮೇದು ಕೊಬ್ಬು ಕೂಡಿಸಿದ ಮಾರ್ಮಟ್, ಚಳಿ ಬರುತ್ತಲೆ ಬಿಲದ ಬಾಯನ್ನು ಮಣ್ಣು ಕಲ್ಲುಗಳಿಂದ ಮುಚ್ಚಿ, ಮಕ್ಕಳುಮರಿಯೊಡನೆ ಒತ್ತಿಕೊಂಡು ಹೆಚ್ಚುಕಡಿಮೆ ಆರು ತಿಂಗಳು ಮಲಗುತ್ತದೆ. ಮೈ ತಣ್ಣಗಾಗುತ್ತದೆ, ಎದೆ ನಿಮಿಷಕ್ಕೆ ಕೆಲವೇ ಸಲ ಬಡಿಯುತ್ತದೆ. ಬೇಸಿಗೆಯ ಕೊಬ್ಬೇ ಅದರ ಬುತ್ತಿ.

“ಆರು ತಿಂಗಳ ಮಕ್ಕೊಂಡು ಬದುಕೋದಂದ್ರ ಪುಣ್ಯದ ಜನ್ಮ ಬಿಡು ತಮ್ಮಾ” ಎಂದು ಅಕ್ಕ ನಕ್ಕಳು. ಮಗನಿಗೆ ಕಳಿಸುವ ಶೇಂಗಾದ ಉಂಡಿಯಲ್ಲಿ ಅದಕ್ಕೂ ಎರಡು ಇರಲಿ ಎಂದಳು. ಪ್ರವಾಸಿಗರು ಹಾಕುವ ಬಿಸ್ಕೀಟೇ ಅದಕ್ಕೆ ಕೇಡು, ಹುಲ್ಲೇ ಅದರ ಅನ್ನ ಎಂದು ನಾನು ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅವೆಲ್ಲಾ ಮಕ್ಕೊಂಡ ಮ್ಯಾಲ ಅಲ್ಲಿ ಎಚ್ಚರ ಇರಾವ್ರು ಯಾರು?”

ಉತ್ತರ ಅವಳಿಗೇ ಗೊತ್ತಿತ್ತು. 2016ರ ಫೆಬ್ರವರಿಯಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಸಿಯಾಚಿನ್ ಹಿಮದಡಿ ಆರು ದಿನವಿದ್ದು ಜೀವಂತವಾಗಿ ಸಿಕ್ಕಾಗ ನಾಡೆಲ್ಲ ದೇವರಿಗೆ ಕೈಮುಗಿದಿತ್ತು; ಅಕ್ಕನೂ ದೀಪ ಹಚ್ಚಿದ್ದಳು. ಫೆಬ್ರವರಿ 11ರಂದು ಅವರು ದೆಹಲಿಯಲ್ಲಿ ತೀರಿಕೊಂಡರು. ಹಿಮದ ಕೆಳಗೆ ತಣ್ಣಗಾಗಿ ಮತ್ತೆ ಬೆಚ್ಚಗೆ ಏಳುವ ವಿದ್ಯೆ ಆ ಪ್ರಾಣಿಗುಂಟು. ಬಯಲುಸೀಮೆಯ ಬಿಸಿಲಲ್ಲಿ ಜೋಳದ ರೊಟ್ಟಿ ಉಂಡು ಬೆಳೆದವರ ಮಕ್ಕಳಿಗೆ ಇಲ್ಲ. ಅವರಿಗಿರುವುದು ಎಚ್ಚರವೊಂದೇ.

ಈಗ ಅಕ್ಕನ ಪಂಚಾಂಗವೇ ಬೇರೆ. ದೀಪಾವಳಿ ಹತ್ತಿರವಾದರೆ, “ಅವು ಮಕ್ಕೊಂಡ್ವಂತೇನು?” ಎಂದು ಮಗನನ್ನು ಕೇಳುತ್ತಾಳೆ, ಮಲಗಿದವೆಂದರೆ ಆ ದಿನದಿಂದ ಅವಳ ನಿದ್ದೆ ತೆಳುವಾಗುತ್ತದೆ. ಯುಗಾದಿ ಕಳೆದು ಅವು ಎದ್ದವೆಂಬ ಸುದ್ದಿ ಬಂದಾಗ ಮನೆಯಲ್ಲಿ ಎರಡನೆಯ ಸಲ ಹೋಳಿಗೆಯಾಗುತ್ತದೆ.