ಸನವಳ್ಳಿಯ ಏರಿಯೂ ಅರ್ಧ ಸೆಕೆಂಡೂ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕು ಪೂರ್ತಿ ಮಲೆನಾಡೂ ಅಲ್ಲ, ಪೂರ್ತಿ ಬಯಲುಸೀಮೆಯೂ ಅಲ್ಲ. ಪಶ್ಚಿಮಕ್ಕೆ ಹೊರಟರೆ ಸಾಗವಾನಿ ಕಾಡು. ಪೂರ್ವಕ್ಕೆ ಹೊರಟರೆ ಗೋವಿನಜೋಳ, ಹತ್ತಿಯ ಹೊಲಗಳು. 1966ರಿಂದ ಇಲ್ಲಿ ನೆಲೆಸಿರುವ ಟಿಬೆಟನ್ನರಿಂದಾಗಿ ಮುಂಡಗೋಡದ ಹೆಸರು ಹೊರಗಿನವರಿಗೂ ಗೊತ್ತು. ಪಟ್ಟಣದ ಸಮೀಪವೇ ಇರುವ ಸನವಳ್ಳಿಯ ಹೆಸರು ಮಾತ್ರ ಅಷ್ಟು ದೂರ ಹೋಗಿಲ್ಲ. ಅಲ್ಲಿರುವುದು ಒಂದು ಹಳ್ಳಿ, ಒಂದು ಜಲಾಶಯ ಮತ್ತು ಏರಿಯ ಮೇಲೆ ಬೀಸುವ ತಂಪು ಗಾಳಿ. ಭಾನುವಾರದ ಸಂಜೆ ಕಳೆಯಲು ಒಬ್ಬ ಶಾಲಾ ಮಾಸ್ತರನಿಗೆ ಇನ್ನೇನು ಬೇಕು?

ಈ ಏರಿಗೆ ನಾನು ಮೊದಲು ಹೋದದ್ದು 1993ರಲ್ಲಿ, ಆಗಷ್ಟೇ ಕೊಂಡಿದ್ದ ಹಳೆಯ ಯೆಜ್ಡಿಯ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ ಅದು. 1961ರಲ್ಲಿ ಉತ್ಪಾದನೆ ಆರಂಭಿಸಿದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿತು. ಯೆಜ್ಡಿಯಲ್ಲಿ ಕಿಕ್ ಹೊಡೆಯುವ ಕಡ್ಡಿಯೇ ಗೇರಿನ ಕಡ್ಡಿಯೂ ಹೌದು. ಹೊಸಬರು ಬಂದು ಗೇರು ಹುಡುಕುತ್ತಿದ್ದರೆ ನೋಡಿ ನಗುವುದೇ ನಮಗೊಂದು ಹೆಮ್ಮೆ. ಆ ಗಾಡಿ ಹೋಗಿ ಮಾಮೂಲಿ ನೂರು ಸಿ.ಸಿ. ಗಾಡಿ ಬಂದು ಎಷ್ಟೋ ವರ್ಷವಾಯಿತು. ಸವಾರ ಮಾತ್ರ ಹಳಬನೇ, ಈಗ 57.

ಕಳೆದ ವರ್ಷ ನವೆಂಬರಿನ ಒಂದು ಸಂಜೆ ಸನವಳ್ಳಿಯಿಂದ ಮರಳುತ್ತಿದ್ದೆವು. ಹಿಂದೆ ಹೆಂಡತಿ ಕುಳಿತಿದ್ದಳು. ಸುಗ್ಗಿಯ ಕಾಲದಲ್ಲಿ ನಮ್ಮ ಕಡೆ ಅರ್ಧ ರಸ್ತೆಯೇ ಕಣವಾಗುತ್ತದೆ. ಗೋವಿನಜೋಳ ಒಣಗಲು ಹರವಿ, ಸುತ್ತ ಕಲ್ಲಿಟ್ಟು, ಸಂಜೆಗೆ ರಾಶಿ ಮಾಡಿ ತಾಡಪತ್ರಿ ಹೊದಿಸುತ್ತಾರೆ. ಎದುರಿನಿಂದ ಒಂದು ವಾಹನದ ದೀಪ ಕಣ್ಣಿಗೆ ಹೊಡೆಯಿತು. ಅದು ದಾಟಿ ಹೋದ ಮೇಲೂ ನನ್ನ ಮುಂದೆ ಒಂದು ಬಿಳಿಯ ಪರದೆ. ಪರದೆ ಸರಿದಾಗ ಕಲ್ಲು ಚಕ್ರದ ಬುಡದಲ್ಲೇ ಇತ್ತು. ಬ್ರೇಕ್ ಒತ್ತಿದೆ. ಚೆಲ್ಲಿದ್ದ ಕಾಳುಗಳು ಟೈರಿನಡಿ ಗೋಲಿಗಳಂತೆ ಉರುಳಿದವು. ನನ್ನ ಮೊಣಕಾಲು ತರಚಿತು. ಅವಳ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು.

ಅವಳು ನನ್ನನ್ನು ಬೈಯಲಿಲ್ಲ. ಕೈ ವಾಸಿಯಾದ ಮೇಲೆ ಸಂತೆಗೆ ಹೋಗುವ ದಿನ ಚೀಲ ಹಿಡಿದು ಬಸ್ ನಿಲ್ದಾಣದ ಕಡೆ ನಡೆದುಬಿಟ್ಟಳು. ಹುಬ್ಬಳ್ಳಿಯಲ್ಲಿ ಓದುವ ಮಗಳು ಫೋನಿನಲ್ಲಿ, "ಅಪ್ಪಾ, ಇನ್ನು ಗಾಡಿ ಬಿಟ್ಟುಬಿಡು" ಎಂದಳು. ಮೂವತ್ತು ವರ್ಷದ ಸವಾರನಿಗೆ ಇದು ಚುಚ್ಚದೆ ಇರುತ್ತದೆಯೆ? ತಪ್ಪು ಕಲ್ಲಿಟ್ಟವರದ್ದು, ದೀಪ ಹಾಕಿದವರದ್ದು ಎಂದು ವಾದಿಸಿದೆ. ಆದರೆ ವಿಜ್ಞಾನದ ಮೇಷ್ಟ್ರಾದವನು ಅಳೆದು ನೋಡದೆ ವಾದಿಸಬಾರದಲ್ಲ!

ಒಂಬತ್ತನೆಯ ತರಗತಿಯಲ್ಲಿ ಒಂದು ಸುಲಭ ಪ್ರಯೋಗ ಮಾಡಿಸುತ್ತೇನೆ. ನೀವೂ ಮನೆಯಲ್ಲಿ ಮಾಡಬಹುದು. ಒಬ್ಬರು ಸ್ಕೇಲನ್ನು ನೆಟ್ಟಗೆ ಹಿಡಿದು ಹೇಳದೆ ಬಿಡಬೇಕು. ಇನ್ನೊಬ್ಬರು ಸೊನ್ನೆಯ ಗೆರೆಯ ಬಳಿ ಬೆರಳು ತೆರೆದಿಟ್ಟುಕೊಂಡು, ಬೀಳುವ ಸ್ಕೇಲನ್ನು ಹಿಡಿಯಬೇಕು. ಬಿದ್ದ ದೂರವನ್ನು ಎರಡರಿಂದ ಗುಣಿಸಿ, ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ವರ್ಗಮೂಲ ತೆಗೆದರೆ ಸಿಗುವುದೇ ಪ್ರತಿಕ್ರಿಯೆಯ ಕಾಲ. ಮಕ್ಕಳು ಹಿಡಿದದ್ದು 18 ಸೆಂ.ಮೀ. ಆಸುಪಾಸು, ಅಂದರೆ 0.19 ಸೆಕೆಂಡು. ನಾನು ಹಿಡಿದದ್ದು 25ರಲ್ಲಿ, 0.23 ಸೆಕೆಂಡು. ಗಂಟೆಗೆ 40 ಕಿ.ಮೀ. ವೇಗದಲ್ಲಿ ಈ ವ್ಯತ್ಯಾಸ ರಸ್ತೆಯ ಮೇಲೆ ಒಂದು ಮೊಳವೂ ಆಗುವುದಿಲ್ಲ. "ನೋಡಿದಿರಾ, ಮುದುಕ ಇನ್ನೂ ಚುರುಕು!" ಎಂದು ಬೀಗಿದೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸರ್, ಸ್ಕೇಲ್ ಬೀಳ್ತದಂತ ನಿಮಗೆ ಮೊದಲೇ ಗೊತ್ತಿತ್ತಲ್ರಿ?"

ಅಲ್ಲಿಗೆ ನನ್ನ ಬೀಗುವಿಕೆ ಮುಗಿಯಿತು. ರಸ್ತೆಯಲ್ಲಿ ಯಾವ ಕಲ್ಲೂ ಮೊದಲೇ ಹೇಳಿ ಬರುವುದಿಲ್ಲ. ಕಾಣಬೇಕು, ಏನೆಂದು ತಿಳಿಯಬೇಕು, ಬ್ರೇಕೋ ತಿರುವೋ ಎಂದು ನಿರ್ಧರಿಸಬೇಕು; ಕೈಕಾಲಿನ ಕೆಲಸ ಅನಂತರ. ವಯಸ್ಸು ಹೊಡೆಯುವುದು ಈ ಮೊದಲ ಮೆಟ್ಟಿಲುಗಳಿಗೆ. ಕಣ್ಣಿನ ಪಾಪೆ ಮಬ್ಬಿನಲ್ಲಿ ಮೊದಲಿನಷ್ಟು ಅರಳುವುದಿಲ್ಲ, ಮಸೂರ ಹಳದಿಗಟ್ಟುತ್ತದೆ. ಅರವತ್ತರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ಹರೆಯದವರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ದೀಪ ಹೊಡೆದ ಮೇಲೆ ಮತ್ತೆ ಕಾಣತೊಡಗುವುದಕ್ಕೂ ಹೆಚ್ಚು ಹೊತ್ತು ಬೇಕು. ಇದೆಲ್ಲ ಸೇರಿ ಅರ್ಧ ಸೆಕೆಂಡು ತಡವಾಯಿತೆನ್ನಿ. 40ರ ವೇಗದಲ್ಲಿ ಅಷ್ಟರೊಳಗೆ ಗಾಡಿ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. 60ರಲ್ಲಿ ಎಂಟು ಮೀಟರಿಗೂ ಹೆಚ್ಚು. ನನ್ನ ಹೆಂಡತಿಯ ಮಣಿಕಟ್ಟು ಮುರಿದದ್ದು ಆ ಐದೂವರೆ ಮೀಟರಿನೊಳಗೆ.

ಕಾನೂನಿಗೂ ಇದು ಗೊತ್ತಿದೆ. 1993ರಲ್ಲಿ ನನಗೆ ಸಿಕ್ಕ ಚಾಲನಾ ಪರವಾನಗಿ 20 ವರ್ಷದ್ದು. 2023ರಲ್ಲಿ ನವೀಕರಿಸಿದಾಗ ಸಿಕ್ಕದ್ದು ಐದೇ ವರ್ಷ. ಐವತ್ತೈದು ದಾಟಿದವರಿಗೆ ಈಗ ಅಷ್ಟೇ. ಜೊತೆಗೆ ವೈದ್ಯರ ಪ್ರಮಾಣಪತ್ರ. ಇಷ್ಟು ವಯಸ್ಸಿಗೆ ಸವಾರಿ ಬಿಡಬೇಕು ಎಂದು ಕಾಯಿದೆ ಎಲ್ಲೂ ಹೇಳುವುದಿಲ್ಲ. ಆಗಾಗ ಪರೀಕ್ಷಿಸಿಕೋ ಎನ್ನುತ್ತದೆ. ನಾವು ಆ ಪ್ರಮಾಣಪತ್ರವನ್ನು ಬರೀ ಕಾಗದವೆಂದುಕೊಳ್ಳುವುದು ನಮ್ಮ ದಡ್ಡತನ.

ಹಾಗಾದರೆ ಬಿಡಬೇಕೆ? ವಯಸ್ಸಾದವರಿಗೂ ಎರಡು ಚಕ್ರಕ್ಕೂ ಹಗೆಯೇನಿಲ್ಲ. ಮೈಸೂರಿನ ಡಿ. ಕೃಷ್ಣಕುಮಾರ್ ಅವರು 2018ರಲ್ಲಿ ಎಪ್ಪತ್ತರ ತಾಯಿ ಚೂಡಾರತ್ನಮ್ಮನವರನ್ನು ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ಕೂರಿಸಿಕೊಂಡು ದೇಶ ಸುತ್ತಲು ಹೊರಟದ್ದನ್ನು ಅನೇಕರು ಬಲ್ಲರು. ಆ ತಾಯಿ ಹಿಂದಿನ ಸೀಟಿನಲ್ಲಿ ಕುಳಿತೇ ದೇಶ ಕಂಡರು. ಹ್ಯಾಂಡಲು ಕೈಯಲ್ಲಿಲ್ಲದಿದ್ದರೆ ಪ್ರಯಾಣವೇ ಇಲ್ಲ ಎಂದುಕೊಳ್ಳುವವರು ನಮ್ಮಂಥ ಗಂಡಸರೇ ಹೆಚ್ಚು.

ಗಾಡಿಯನ್ನು ಒಂದೇ ದಿನ ಬಿಡಬೇಕಾಗಿಲ್ಲ. ಕಂತಿನಲ್ಲಿ ಬಿಡಬಹುದು ಎಂಬುದು ನಾನು ಕಂಡುಕೊಂಡ ಉತ್ತರ. ಮೊದಲು ಕತ್ತಲನ್ನು ಬಿಟ್ಟೆ. ಆಮೇಲೆ ಮಳೆಯನ್ನು. ಹುಬ್ಬಳ್ಳಿಗೆ ಬಸ್ಸು. ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ. ಪೊರೆ ಬಂದಿದೆ ಎಂದು ವೈದ್ಯರು ಹೇಳಿದ ದಿನ, ಶಸ್ತ್ರಚಿಕಿತ್ಸೆಯಾಗಿ ಅವರು ಒಪ್ಪುವವರೆಗೆ, ಬೀಗದ ಕೈ ಮಗಳ ವಶಕ್ಕೆ.

ಇಲ್ಲಿ ಪಾಲಕರಿಗೆ ಒಂದು ಮಾತು. ಅಪ್ಪನ ಕಣ್ಣು ಮಂಜಾದ ಮನೆಗಳಲ್ಲಿ ಗಾಡಿ ಎಷ್ಟೋ ಸಲ ಹದಿನೈದರ ಮಗನ ಕೈಗೆ ಹೋಗುತ್ತದೆ. "ಅವನಿಗೆ ಕಣ್ಣು ಚುರುಕು" ಎಂಬುದು ಸಮಾಧಾನ. ನಿಜ, ಸ್ಕೇಲನ್ನು ಅವನು ನನಗಿಂತ ಬೇಗ ಹಿಡಿಯುತ್ತಾನೆ. ಆದರೆ ರಸ್ತೆಯಲ್ಲಿ ಯಾವುದು ಬೀಳಬಹುದೆಂಬ ಅಂದಾಜು ಅವನಿಗಿನ್ನೂ ಬಂದಿಲ್ಲ. 2019ರ ತಿದ್ದುಪಡಿಯಂತೆ ಅಪ್ರಾಪ್ತರ ಕೈಗೆ ಗಾಡಿ ಕೊಟ್ಟ ಪಾಲಕರಿಗೆ ಮೂರು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಉಂಟು. ಆ ಹುಡುಗನಿಗೆ 25 ತುಂಬುವವರೆಗೆ ಪರವಾನಗಿಯೂ ಇಲ್ಲ. ಮಕ್ಕಳೇ, ಅಪ್ಪನನ್ನು ಗಾಡಿ ಬಿಡಿಸುವುದೆಂದರೆ ಬೀಗದ ಕೈ ನೀವು ಕಸಿಯುವುದಲ್ಲ. ಅವರನ್ನು ಕಣ್ಣಿನ ಡಾಕ್ಟರ ಬಳಿ ಕರೆದೊಯ್ಯಿರಿ.

ಮೊನ್ನೆ ಭಾನುವಾರ ಮಧ್ಯಾಹ್ನ ಅಂಗಳದಲ್ಲಿ ಗಾಡಿ ಒರೆಸುತ್ತಿದ್ದೆ. ಹೆಂಡತಿ ಒಳಗಿನಿಂದ ಎರಡು ಹೆಲ್ಮೆಟ್ ತಂದಳು. ಏನೂ ಮಾತಾಡದೆ ಒಂದನ್ನು ತಾನೇ ಹಾಕಿಕೊಂಡು ಹಿಂದೆ ಕುಳಿತಳು. ಸನವಳ್ಳಿಯ ಏರಿಯ ಮೇಲೆ ಗಾಳಿ ಎಂದಿನಂತೆಯೇ ಇತ್ತು. ನೀರು ನೋಡುತ್ತ ಕುಳಿತವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ನಾಲ್ಕೂವರೆಗೆ ಅವಳು ಹೆಗಲು ತಟ್ಟಿದಳು.

"ಏಳ್ರಿ, ಹೊತ್ತಾತು."

ಸೂರ್ಯ ಇನ್ನೂ ಮೇಲಿದ್ದ. ಮರುಮಾತಾಡದೆ ಎದ್ದೆ.