ಅಮ್ಮಿಯ ದೊಡ್ಡ ಗೋಲಿ



ಯಾರು ಮಾಡಿದ್ದು, ಎಲ್ಲಿಂದ ಬಂತು ಎಂದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ವಸ್ತು ನಿಮ್ಮ ಹಳೆಯ ಟ್ರಂಕಿನಲ್ಲೂ ಒಂದಾದರೂ ಇದ್ದೀತು. ನಮ್ಮ ಮನೆಯಲ್ಲಿ ಅದು ಒಂದು ಗಾಜಿನ ಗೋಲಿ. ಬೀದಿಯಲ್ಲಿ ಹುಡುಗರು ಆಡುವಂಥದ್ದಲ್ಲ, ದೊಡ್ಡ ನಿಂಬೆಹಣ್ಣಿನಷ್ಟು ದಪ್ಪ. ಒಳಗೆ ಕೆಂಪು, ಬಿಳಿ, ನೀಲಿ, ಹಳದಿ ಪಟ್ಟಿಗಳು ಜಡೆಯಂತೆ ತಿರುಚಿಕೊಂಡಿದ್ದವು. ಜಗಳೂರಿನ ತವರು ಮನೆಯಲ್ಲಿ ನಾವು ಮೂವರು ಮಕ್ಕಳೂ ಅದನ್ನು ನೋಡುತ್ತಲೇ ಬೆಳೆದವರು.

ಆದರೆ ಅದರಲ್ಲಿ ಆಡಲು ನಮಗೆ ಅನುಮತಿ ಇರಲಿಲ್ಲ. ಅದು ಅಮ್ಮಿಯ ಹೊಲಿಗೆ ಡಬ್ಬಿಯ ಸಾಮಾನು. ಕಾಲುಚೀಲ ಹರಿದರೆ, ಸ್ವೆಟರಿನ ಮೊಣಕೈ ತೂತಾದರೆ ಅಮ್ಮಿ ಗೋಲಿಯನ್ನು ಒಳಗಿಟ್ಟು, ಬಟ್ಟೆಯನ್ನು ಅದರ ಮೇಲೆ ಬಿಗಿಯಾಗಿ ಹಿಡಿದು ರಫೂ ಮಾಡುತ್ತಿದ್ದರು. ಸೂಜಿ ಗಾಜಿನ ಮೇಲೆ ಜಾರುತ್ತಿತ್ತು, ಬೆರಳಿಗೆ ಚುಚ್ಚುತ್ತಿರಲಿಲ್ಲ. ಬರಗಾಲದ ಊರು, ಅಬ್ಬಾರ ಸಣ್ಣ ಸಂಬಳ. ನಮ್ಮ ಶಾಲೆಯ ಬಟ್ಟೆಗಳು ಎಷ್ಟೋ ವರ್ಷ ಆ ಗೋಲಿಯ ಮೇಲೆಯೇ ಬಾಳಿದವು.

ಎರಡು ವರ್ಷಗಳ ಹಿಂದೆ ಅಮ್ಮಿ ತೀರಿಕೊಂಡರು. ಅಬ್ಬಾ ಅವರಿಗಿಂತ ಮೊದಲೇ ಹೋಗಿದ್ದರು. ನಲವತ್ತು ದಿನ ಕಳೆದ ಮೇಲೆ ತಮ್ಮ, ತಂಗಿ ಮತ್ತು ನಾನು ಸೇರಿ ಅಮ್ಮಿಯ ಟ್ರಂಕ್ ತೆಗೆದೆವು. ಎರಡು ಬಳೆ, ನಾಲ್ಕು ಸೀರೆ, ಒಂದು ಪಾನ್‌ದಾನ್, ಹೊಲಿಗೆ ಡಬ್ಬಿ. ಡಬ್ಬಿಯಲ್ಲಿ ಗೋಲಿ. ನ್ಯಾಮತಿಯಲ್ಲಿರುವ ತಂಗಿ ಅದನ್ನು ಕಣ್ಣಿಗೆ ಒತ್ತಿಕೊಂಡು ಅತ್ತಳು. ತಮ್ಮನ ಮಗ ಮಾತ್ರ ಮೊಬೈಲಿನಲ್ಲಿ ಅದರ ಫೋಟೋ ತೆಗೆದ.

ಮುಂದಿನ ಕಥೆ ಶುರುವಾದದ್ದು ಆ ಫೋಟೋದಿಂದ. ಹತ್ತು ದಿನಗಳಲ್ಲಿ ಹಳೆಯ ಸಾಮಾನು ಕೊಳ್ಳುವ ವ್ಯಾಪಾರಿಯೊಬ್ಬರು ಫೋನ್ ಮಾಡಿದರು. "ಇದು ಜರ್ಮನಿ ಗೋಲಿ, ನೂರೈವತ್ತು ವರ್ಷದ್ದು. ಹದಿನೆಂಟು ಸಾವಿರ ಕೊಡುತ್ತೇನೆ. ಆದರೆ ಒಂದು ಕಾಗದ ಬೇಕು. ನಿಮ್ಮ ಅಜ್ಜ ಇದನ್ನು ಜರ್ಮನಿಯ ಇಂಥ ಕಂಪನಿಯಿಂದ ತರಿಸಿದ್ದರೆಂದು ಮನೆಯವರೊಬ್ಬರು ಬರೆದು ಸಹಿ ಮಾಡಬೇಕು. ಟೀಚರ್ ಬರೆದರೆ ಇನ್ನೂ ಒಳ್ಳೆಯದು" ಎಂದರು. ಕಂಪನಿಯ ಹೆಸರನ್ನು ಅವರೇ ಹೇಳಿಕೊಡುವವರಿದ್ದರು.

ಮನೆಯಲ್ಲಿ ಟೀಚರ್ ಎಂದರೆ ನಾನು. ಆಗ ತಂಗಿಯ ಮಗಳಿಗೆ ನರ್ಸಿಂಗ್ ಕೋರ್ಸಿಗೆ ಸೀಟು ಸಿಕ್ಕಿತ್ತು, ಫೀಸಿಗೆ ದುಡ್ಡು ಸಾಲದೆ ಅವಳು ಒದ್ದಾಡುತ್ತಿದ್ದಳು. "ಆಪಾ, ನಾಲ್ಕು ಸಾಲು ತಾನೇ? ಯಾರಿಗೆ ನಷ್ಟ?" ಎಂದಳು. ಅವಳ ಮುಖ ನೋಡಿ ನನಗೆ ಆಗದು ಎನ್ನಲು ಆಗಲಿಲ್ಲ. "ಮೊದಲು ಅದು ಯಾರು ಮಾಡಿದ್ದೆಂದು ನೋಡುತ್ತೇನೆ, ಆಮೇಲೆ ಬರೆಯುತ್ತೇನೆ" ಎಂದು ಗೋಲಿಯನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಚನ್ನಗಿರಿಗೆ ಬಂದೆ.

ಮದ್ರಸಾದಲ್ಲಿ ಓದುವಾಗ ನಮ್ಮ ಉಸ್ತಾದರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಒಂದು ಸುದ್ದಿ ಬಂದರೆ ಅದನ್ನು ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು ಎಂದು ಕೊಂಡಿ ಕೊಂಡಿಯಾಗಿ ಕೇಳಬೇಕು. ಒಂದು ಕೊಂಡಿ ಕಳಚಿದ್ದರೆ ಕಳಚಿದೆ ಎಂದೇ ಹೇಳಬೇಕು. ಗೋಲಿಯ ವಿಷಯದಲ್ಲೂ ಅದನ್ನೇ ಮಾಡೋಣ ಎಂದುಕೊಂಡೆ.

ಮೊದಲ ಕೊಂಡಿ ಅಮ್ಮಿಯ ಮಾತು. ಹೊನ್ನಾಳಿಯಲ್ಲಿ ನಾನಾರಿಗೆ ಗೋಲಿ ಸೋಡಾ ಅಂಗಡಿ ಇತ್ತು. "ಇದು ಸೋಡಾ ಅಂಗಡಿಯ ಗೋಲಿ" ಎಂದು ಅಮ್ಮಿ ಹೇಳುತ್ತಿದ್ದರು. ಹೊನ್ನಾಳಿಯಲ್ಲಿ ಈಗ ಉಳಿದಿರುವ ಹಿರಿಯರೆಂದರೆ ಅಮ್ಮಿಯ ಚಿಕ್ಕಮ್ಮ. ಅವರನ್ನು ಹೋಗಿ ಕೇಳಿದೆ. "ಅಂಗಡಿಯ ಗಲ್ಲಾದ ಮೇಲೆ ಇರುತ್ತಿತ್ತು ಬೇಟಾ, ನೋಟು ಹಾರದಂತೆ ಇಡುತ್ತಿದ್ದರು. ಎಲ್ಲಿಂದ ತಂದರೋ ನನಗೆ ತಿಳಿಯದು" ಎಂದರು. ಸೋಡಾ ಬಾಟಲಿಯ ಗೋಲಿಯಂತೂ ಅದಲ್ಲ. ಇಂಗ್ಲೆಂಡಿನ ಹೈರಮ್ ಕಾಡ್ ಎಂಬಾತ 1870ರ ದಶಕದಲ್ಲಿ ಪೇಟೆಂಟ್ ಪಡೆದ ಆ ಬಾಟಲಿಯಲ್ಲಿ, ಒಳಗಿನ ಗ್ಯಾಸು ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಆ ಗೋಲಿ ಚಿಕ್ಕದು, ಒಳಗೆ ಬಣ್ಣದ ಪಟ್ಟಿಯೂ ಇರುವುದಿಲ್ಲ. ಹೀಗೆ ನಮ್ಮ ಗೋಲಿಯ ದಾರಿ ನಾನಾರ ಗಲ್ಲಾದವರೆಗೆ ಹೋಗಿ ಅಲ್ಲಿಗೇ ನಿಂತಿತು.

ಮಾತು ನಿಂತ ಮೇಲೆ ವಸ್ತುವನ್ನೇ ಕೇಳಬೇಕಲ್ಲ? ಶಾಲೆಗೆ ಒಯ್ದು ಮಕ್ಕಳ ಮುಂದಿಟ್ಟೆ. ಸುತ್ತಲೂ ದಾರ ಸುತ್ತಿ ಅಳೆದರು: 15.7 ಸೆಂಟಿಮೀಟರ್. 3.14ರಿಂದ ಭಾಗಿಸಿದಾಗ ಅಡ್ಡಳತೆ 5 ಸೆಂಟಿಮೀಟರ್, ಅಂದರೆ ಹತ್ತಿರ ಹತ್ತಿರ ಎರಡು ಇಂಚು. ಆಡುವ ಗೋಲಿಯ ಅಡ್ಡಳತೆ ಸಾಮಾನ್ಯವಾಗಿ 16 ಮಿಲಿಮೀಟರ್ ಅಷ್ಟೇ. ತುಂಬಿದ ಸ್ಟೀಲ್ ಲೋಟದಲ್ಲಿ ಗೋಲಿ ಮುಳುಗಿಸಿ, ಹೊರಚೆಲ್ಲಿದ ನೀರನ್ನು ಔಷಧಿಯ ಅಳತೆ ಲೋಟದಲ್ಲಿ ಅಳೆದರು: 65 ಮಿಲಿಲೀಟರ್. ಚಿನಿವಾರರ ತಕ್ಕಡಿಯಲ್ಲಿ ತೂಗಿಸಿದಾಗ 163 ಗ್ರಾಂ. ತೂಕವನ್ನು ನೀರಿನ ಅಳತೆಯಿಂದ ಭಾಗಿಸಿದರೆ ಎರಡೂವರೆ. ಬಳೆ, ಬಾಟಲಿ, ಕಿಟಕಿಯ ಸಾಧಾರಣ ಗಾಜು ನೀರಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಸೀಸ ಬೆರೆತ ಗಾಜಾಗಿದ್ದರೆ ಇನ್ನೂ ಭಾರ ಇರುತ್ತಿತ್ತು, ಪ್ಲಾಸ್ಟಿಕ್ ಆಗಿದ್ದರೆ ಅರ್ಧವೂ ತೂಗುತ್ತಿರಲಿಲ್ಲ. ಆ ದಿನ ಮಕ್ಕಳ ಸಂಭ್ರಮ ನೋಡಬೇಕಿತ್ತು.

ಆಮೇಲೆ ಭೂತಗನ್ನಡಿ ಹಿಡಿದು ಕೂತೆ. ಗೋಲಿ ಮಾಡಿದವರ ಗುರುತು ಹಿಡಿಯುವವರು ಮೊದಲು ನೋಡುವುದು ಬಣ್ಣವನ್ನಲ್ಲ, ಎರಡು ತುದಿಗಳನ್ನು. ಪಟ್ಟಿಗಳೆಲ್ಲ ಬಂದು ಸೇರುವ ಜಾಗವೇ ತುದಿ. ನಮ್ಮ ಗೋಲಿಯ ಎರಡೂ ತುದಿಯಲ್ಲಿ ಬೆರಳಿಗೆ ಸಿಗುವಂಥ ಒರಟು ಇತ್ತು. ಚಿಕ್ಕಂದಿನಲ್ಲಿ ನಾವು ಅದನ್ನು "ಗೋಲಿಯ ಹೊಕ್ಕುಳು" ಎನ್ನುತ್ತಿದ್ದೆವು. ಆ ಹೊಕ್ಕುಳೇ ಅದರ ಹುಟ್ಟಿನ ಗುರುತು ಎಂದು ನನಗೆ ಗೊತ್ತಾದದ್ದು ಈಗ.

ಅದು ಹೇಗೆಂದು ಹೇಳುತ್ತೇನೆ. ಜರ್ಮನಿಯ ಥುರಿಂಗಿಯಾ ಗುಡ್ಡಗಾಡಿನಲ್ಲಿ ಲೌಶಾ ಎಂಬ ಊರಿದೆ. 1597ರಲ್ಲಿ ಅಲ್ಲಿ ಗಾಜಿನ ಕುಲುಮೆ ಶುರುವಾಯಿತು. ಗಾಜಿನ ಮಣಿ, ಗೊಂಬೆಯ ಕಣ್ಣು, ಅಲಂಕಾರದ ಗುಂಡು ಮಾಡುವುದು ಅಲ್ಲಿನ ಮನೆಮನೆಯ ಕಸುಬಾಗಿತ್ತು. 1840ರ ದಶಕದಲ್ಲಿ ಗ್ರೈನರ್ ಮನೆತನದ ಗಾಜುಗಾರನೊಬ್ಬ ಗೋಲಿ ಮಾಡಲೆಂದೇ ಒಂದು ಕತ್ತರಿ ಮಾಡಿದ. ಅದರ ಒಂದು ಬದಿ ಬಟ್ಟಲಿನಂತೆ, ಇನ್ನೊಂದು ಬದಿ ಹರಿತ. ಬಣ್ಣದ ಗಾಜಿನ ಕಡ್ಡಿಗಳನ್ನು ಜೋಡಿಸಿ, ಮೇಲೆ ಕಾದ ಬಿಳಿಗಾಜನ್ನು ಹೊದಿಸಿ, ಎಳೆದು ಕೋಲಿನಂತೆ ಮಾಡುತ್ತಾರೆ. ಕೋಲಿನ ಮೆತ್ತಗಿನ ತುದಿಯನ್ನು ಬಟ್ಟಲಿನಲ್ಲಿಟ್ಟು ತಿರುಗಿಸಿದರೆ ಅದು ದುಂಡಗಾಗುತ್ತದೆ, ಒಳಗಿನ ಪಟ್ಟಿಗಳು ತಿರುಚಿಕೊಳ್ಳುತ್ತವೆ. ಕೊನೆಗೆ ಕತ್ತರಿಸಿ ಬೀಳಿಸುತ್ತಾರೆ. ನಾವು ಕಲಸಿದ ಹಿಟ್ಟಿನಿಂದ ಚಪಾತಿಗೆ ಉಂಡೆ ಚಿವುಟಿದಾಗ ಚಿವುಟಿದ ಜಾಗದಲ್ಲಿ ಗುರುತು ಉಳಿಯುವುದಿಲ್ಲವೇ? ಹಾಗೆಯೇ ಇದು. ಕೆಲವರು ಆ ಗುರುತನ್ನು ಉಜ್ಜಿ ನಯ ಮಾಡುತ್ತಿದ್ದರು, ಕೆಲವರು ಹಾಗೇ ಬಿಡುತ್ತಿದ್ದರು.

ಯಂತ್ರದ ಗೋಲಿಗೆ ಇಂಥ ಹೊಕ್ಕುಳು ಇರುವುದಿಲ್ಲ. ಅಮೆರಿಕದ ಆಕ್ರನ್ ಊರಿನ ಮಾರ್ಟಿನ್ ಕ್ರಿಸ್ಟೆನ್ಸನ್ 1905ರಲ್ಲಿ ಗೋಲಿ ಮಾಡುವ ಯಂತ್ರಕ್ಕೆ ಪೇಟೆಂಟ್ ಪಡೆದ. ತಿರುಗುವ ಉರುಳೆಗಳ ನಡುವೆ ಬಿಸಿ ಗಾಜಿನ ತುಣುಕು ಉರುಳುತ್ತ ತಾನೇ ದುಂಡಗಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಸರಕು ಅಮೆರಿಕಕ್ಕೆ ಬರುವುದು ನಿಂತಾಗ ಅಲ್ಲಿನ ಯಂತ್ರದ ಕಂಪನಿಗಳು ಬೆಳೆದವು. 1950ರ ಸುಮಾರಿಗೆ ಜಪಾನಿನಿಂದ ಬೆಕ್ಕಿನ ಕಣ್ಣಿನ ಗೋಲಿ ಬಂತು. ನಮ್ಮ ಬಾಲ್ಯದಲ್ಲಿ ಅಂಗಡಿಯ ಡಬ್ಬಿಯಲ್ಲಿ ತುಂಬಿರುತ್ತಿದ್ದದ್ದು ಆ ಬಗೆಯ ಯಂತ್ರದ ಗೋಲಿಗಳೇ.

ಹಾಗಾದರೆ ನಮ್ಮದು ಲೌಶಾದ್ದೇ? ನನಗೂ ಒಂದು ಕ್ಷಣ ಎದೆ ಬಡಿದುಕೊಂಡಿತು. ತಂಗಿಗೆ ಫೋನ್ ಮಾಡಲು ಕೈ ಹೋಗಿತ್ತು. ಆದರೆ ಇನ್ನೊಂದು ಕೊಂಡಿ ಬಾಕಿ ಇತ್ತು. ಹೊಕ್ಕುಳು ಹೇಳುವುದು ಕೈಯಿಂದ ಮಾಡಿದ್ದು ಎಂದು ಮಾತ್ರ. ಕೈಯಿಂದ ಗೋಲಿ ಮಾಡುವ ಗಾಜುಗಾರರು ಆಮೇಲೆಯೂ ಇದ್ದಾರೆ, ಈಗಲೂ ಇದ್ದಾರೆ. ಈಗಿನವರಲ್ಲಿ ಹಲವರು ತಳದಲ್ಲಿ ತಮ್ಮ ಹೆಸರಿನ ಅಕ್ಷರವನ್ನೂ ವರ್ಷವನ್ನೂ ಕೆತ್ತುತ್ತಾರೆ. ಲೌಶಾದ ಹಳೆಯ ಕೆಲಸಗಾರರು ಕೆತ್ತುತ್ತಿರಲಿಲ್ಲ. ನಮ್ಮ ಗೋಲಿಯಲ್ಲಿ ಅಕ್ಷರವೇ ಇಲ್ಲ. ನೋಟು ಪರೀಕ್ಷಿಸುವ ನೇರಳೆ ದೀಪದ ಕೆಳಗೂ ಹಿಡಿದು ನೋಡಿದೆ. ಯುರೇನಿಯಂ ಬೆರೆತ ಗಾಜು ಆ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ, ನಮ್ಮದು ಹೊಳೆಯಲಿಲ್ಲ. ಅದರಿಂದ ಮಾಡಿದವರ ಹೆಸರೇನೂ ಸಿಗುವುದಿಲ್ಲ. ಅಳತೆ, ತಿರುಚು, ಎರಡು ತುದಿಯ ಗುರುತು, ಮೈಮೇಲಿನ ಸವಕಳಿ ಎಲ್ಲವೂ ಹಳೆಯ ಜರ್ಮನ್ ಗೋಲಿಗೆ ಹೊಂದುತ್ತಿದ್ದವು. ಆದರೆ ಹೊಂದುವುದು ಬೇರೆ, ಅದೇ ಎನ್ನುವುದು ಬೇರೆ. ಕಂಪನಿಯ ಹೆಸರಂತೂ ವ್ಯಾಪಾರಿಯ ಬಾಯಿಯಲ್ಲಲ್ಲದೆ ಬೇರೆಲ್ಲೂ ಇರಲಿಲ್ಲ.

ಒಂದು ಕುಂದೂ ಇತ್ತು. ಒಂದು ಬದಿಯಲ್ಲಿ ಗಾಜಿನೊಳಗೆ ಅರ್ಧಚಂದ್ರದಂಥ ಸಣ್ಣ ಬಿರುಕು. ನಾನು ಐದನೇ ತರಗತಿಯಲ್ಲಿದ್ದಾಗ ಕದ್ದು ಆಡಲು ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೀಳಿಸಿದ್ದೆ. ಅಮ್ಮಿ ಅಂದು ಬೈಯಲಿಲ್ಲ, ಬದಿ ತಿರುಗಿಸಿ ರಫೂ ಮುಂದುವರಿಸಿದರು. ಫೋಟೋದಲ್ಲಿ ಅದು ಕಾಣುತ್ತಿರಲಿಲ್ಲ. ಧಾನ್ಯದ ರಾಶಿಯ ಒದ್ದೆಯನ್ನು ಕೆಳಗೆ ಮುಚ್ಚಿಟ್ಟವನಿಗೆ ಪ್ರವಾದಿಯವರು ಕೊಟ್ಟ ಎಚ್ಚರಿಕೆಯನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ಹೇಳಿಕೊಡುವವಳು. ನನ್ನ ಕೈಯಿಂದಲೇ ಆದ ಬಿರುಕನ್ನು ಹೇಗೆ ಮುಚ್ಚಿಡಲಿ?

ಕೊನೆಗೆ ಒಂದು ಚೀಟಿ ಬರೆದೆ. "ಅಡ್ಡಳತೆ 5 ಸೆಂ.ಮೀ., ತೂಕ 163 ಗ್ರಾಂ. ಎರಡೂ ತುದಿಯಲ್ಲಿ ಕತ್ತರಿಸಿದ ಗುರುತಿದೆ, ಆದ್ದರಿಂದ ಕೈಯಿಂದ ಮಾಡಿದ್ದು. ಹಳೆಯ ಜರ್ಮನ್ ಬಗೆಗೆ ಹೊಂದುತ್ತದೆ. ಮಾಡಿದವರ ಗುರುತು ಇಲ್ಲ. ಹೊನ್ನಾಳಿಯ ಸೋಡಾ ಅಂಗಡಿಯಲ್ಲಿ ಇತ್ತೆಂದು ಮನೆಯ ಹಿರಿಯರ ಮಾತು, ರಸೀದಿ ಇಲ್ಲ. ಒಂದು ಕಡೆ ಒಳಬಿರುಕು ಇದೆ." ಕೆಳಗೆ ಸಹಿ ಹಾಕಿದೆ.

ಚೀಟಿ ಓದಿದ ವ್ಯಾಪಾರಿ ಹದಿನೆಂಟು ಸಾವಿರದಿಂದ ನಾಲ್ಕು ಸಾವಿರಕ್ಕೆ ಇಳಿದರು. ತಂಗಿ ಫೋನಿನಲ್ಲಿ, "ನಿನಗೆ ಸಂಬಳ ಬರುತ್ತದೆ ಆಪಾ, ನಿನಗೇನು?" ಎಂದಳು. ಆ ಮಾತು ಚುಚ್ಚಿತು. ಚುಚ್ಚಿದ್ದು ಅದರಲ್ಲಿ ಸ್ವಲ್ಪ ನಿಜವೂ ಇದ್ದುದರಿಂದ. ಹದಿನಾಲ್ಕು ಸಾವಿರ ಕಳೆದುಕೊಂಡ ನೋವು ನನ್ನ ಮನೆಗಿಂತ ಅವಳ ಮನೆಗೇ ಹೆಚ್ಚು.

ಆದರೂ ನಾಲ್ಕು ಸಾವಿರಕ್ಕೇ ಕೊಡೋಣ ಎಂದವಳೂ ಅವಳೇ. ಅಮ್ಮಿ ಬಿಟ್ಟುಹೋದ ಗೋಲಿಯೂ ವಾರಸಿನ ಸೊತ್ತೇ. ಲೆಕ್ಕದಂತೆ ತಮ್ಮನಿಗೆ ಎರಡು ಸಾವಿರ, ನಮ್ಮಿಬ್ಬರಿಗೆ ಒಂದೊಂದು ಸಾವಿರ. ತಮ್ಮ ತನ್ನ ಪಾಲನ್ನು ಸೊಸೆಯ ಫೀಸಿಗೆ ಕೊಟ್ಟ, ನಾನೂ ಕೊಟ್ಟೆ. ಉಳಿದದ್ದಕ್ಕೆ ನಾನು ಚೀಟಿಯ ಹಣ ಎತ್ತಿದೆ. ಈಗ ಹುಡುಗಿ ಎರಡನೇ ವರ್ಷದಲ್ಲಿ ಓದುತ್ತಿದ್ದಾಳೆ. ತಂಗಿ ಎರಡು ತಿಂಗಳು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಒಂದು ದಿನ ಫೋನ್ ಮಾಡಿ, "ಆಪಾ, ಗೋಲಿಯ ಆ ಕಾಗದದ ಫೋಟೋ ಇದ್ದರೆ ಕಳಿಸು, ಮಗಳು ಕೇಳುತ್ತಿದ್ದಾಳೆ" ಎಂದಳು. ಕಳಿಸಿದೆ. ಇಬ್ಬರೂ ಅತ್ತೆವು.

ಸಹೋದರಿಯರೇ, ನನ್ನ ಮನಸ್ಸಿಗೆ ಇನ್ನೂ ಚುಚ್ಚುವುದು ದುಡ್ಡಲ್ಲ. ಭೂತಗನ್ನಡಿ, ತಕ್ಕಡಿ, ನೇರಳೆ ದೀಪ ಎಲ್ಲ ಹಿಡಿದು ನಾನು ಹುಡುಕಿದ್ದರಲ್ಲಿ ಅರ್ಧ ಉತ್ತರ ಅಮ್ಮಿಗೆ ಗೊತ್ತಿದ್ದೀತು. ನಾನಾ ಅದನ್ನು ಯಾರಿಂದ ಪಡೆದರು ಎಂದು ನಲವತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈ ವಾರವೇ ಅವರ ಪಕ್ಕ ಕೂತು ಕೇಳಿ, ಒಂದು ಚೀಟಿಯಲ್ಲಿ ಬರೆದು ವಸ್ತುವಿನ ಜೊತೆಗೇ ಇಡಿ. ಹಳೆಯ ಗಾಜನ್ನು ಪಾಲಿಶ್ ಮಾಡಿಸಬೇಡಿ, ಗುರುತುಗಳೇ ಅಳಿಸಿಹೋಗುತ್ತವೆ. ಗಾಜಿನ ಗುಂಡನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಇಡಬೇಡಿ, ಅದು ಭೂತಗನ್ನಡಿಯಂತೆ ಬಿಸಿಲನ್ನು ಒಂದೆಡೆ ಸೇರಿಸಿ ಬಟ್ಟೆ ಕಾಗದಗಳನ್ನು ಸುಟ್ಟೀತು.

ಕಳೆದ ಚಳಿಗಾಲದಲ್ಲಿ ಮಗನ ಸ್ವೆಟರಿನ ಮೊಣಕೈ ಹರಿಯಿತು. ಡಬ್ಬಿಗೆ ಕೈಹಾಕಿದೆ. ಗೋಲಿ ಇರಲಿಲ್ಲವಲ್ಲ! ಒಂದು ನಿಂಬೆಹಣ್ಣನ್ನೇ ಒಳಗಿಟ್ಟು ರಫೂ ಮಾಡಿದೆ.